ಬೀಗರ ಊಟದ ಪೀಸು

ಟಣ್ ಅಂದಿತು ಸೌಟು, ತಳಕ್ಕೇ ಬಡಿಯಿತಲ್ಲ, ಇಷ್ಟು ಬೇಗ ತಳ ಸಿಗಬಾರದಿತ್ತು, ಹೂವಪ್ಪ ಬಕೆಟ್ಟನ್ನು ಓರೆ ಮಾಡಿ ಕಲಕಿದ, ಬಾಡಿನ ಸಾರಿದೆ, ಎಣ್ಣೆ ತೇಲುತ್ತಿದೆ, ಪೀಸು? — ಎಲೆಯ ಮುಂದೆ ಕೂತವರೆಲ್ಲ ಸೌಟನ್ನೇ ನೋಡುತ್ತಿದ್ದಾರೆ, ನಗುತ್ತಲೇ ಇರಬೇಕು, ಮಗಳು ನಯನಳ ಮದುವೆ ನಿನ್ನೆ ಸುಸೂತ್ರವಾಗಿ ಮುಗಿದಿದೆ, ಇವತ್ತಿನ ಬೀಗರ ಊಟವೊಂದು ದಾಟಿದರೆ ಸಾಕು, ಶಿಕಾರಿಪುರದವರು ಒಂದು ಬಸ್ಸು ಅಂದಿದ್ದರು, ಎರಡು ಬಸ್ಸು ತುಂಬಿಕೊಂಡು ಸೊರಬಕ್ಕೆ ಬಂದಿಳಿದರು, ಬಂದವರನ್ನು ತಿರುಗಿ ಹೋಗಿ ಅನ್ನಲಾಗುತ್ತದೆಯೇ, ಹೆಂಡತಿ ಪ್ರಮೀಳಾ ಒಲೆಯ ಕಡೆಯಿಂದ ಬಂದು ಕಿವಿಯಲ್ಲಿ, ಇನ್ನಿರದು ಇದೊಂದೇ ಬಕೆಟ್ಟು ಕಣ್ರಿ, ನೋಡ್ಕಂಡು ಬಡಸ್ರಿ, ಅಂದು ಹೋದಳು, ನೋಡಿಕೊಂಡು ಬಡಿಸುವುದಂತೆ, ಮಂತ್ರ ಹಾಕಿ ಬಡಿಸಬೇಕು. ಪೀಸು, ಪೀಸು, ಯಾವಾಗ ಬಂತೋ ಈ ಮಾತು, ಅವನ ಅಜ್ಜಿ ತುಂಡು ಅನ್ನುತ್ತಿದ್ದಳು, ಈಗ ಹಲ್ಲಿಲ್ಲದ ಮುದುಕರೂ ಪೀಸ್ ಹಾಕಪ್ಪ ಅನ್ನುತ್ತಾರೆ, ಬೀಗಿತ್ತಿಯರಿಗೆ ಉಡಿ ತುಂಬಲು ತಂದದ್ದು ಬ್ಲೌಸ್ ಪೀಸು, ಬೀಗರಿಗೆ ಪ್ಯಾಂಟ್ ಪೀಸು, ಸರ ಕೊಳ್ಳುವಾಗ ಅಂಗಡಿಯವನು, ಈ ಡಿಸೈನಲ್ಲಿ ಇದೊಂದೇ ಪೀಸ್ ಸಾರ್, ಅಂದ, ಹೆಣ್ಣು ನೋಡಲು ಬಂದ ದಿನ ಗಂಡಿನ ಗೆಳೆಯರು ಜಗಲಿಯಲ್ಲಿ ಮೊಬೈಲು ತಿರುವುತ್ತ, ಒಳ್ಳೆ ಪೀಸ್ ಕಣೋ, ಅಂದದ್ದೂ ಕಿವಿಗೆ ಬಿದ್ದಿತ್ತು, ಮೈ ಉರಿದಿತ್ತು, ನುಂಗಿಕೊಂಡ, ಹೆಣ್ಣು ಹೆತ್ತವನು ಸಿಟ್ಟನ್ನು ಮೂಗಿನ ತುದಿಗೆ ಇಟ್ಟುಕೊಂಡರೆ ಆಗುತ್ತದೆಯೇ — ಏನ್ರಿ ಬೀಗ್ರೆ, ನಮ್ ಎಲಿಗೆ ಬರೇ ಸಾರೇನ್ರಿ? — ಗಂಡಿನ ದೊಡ್ಡಪ್ಪ ಚೌಡಪ್ಪ, ಅನ್ನದ ನಡುವೆ ಗುಂಡಿ ತೋಡಿಕೊಂಡು ಕೂತಿದ್ದಾನೆ, ಹೋದ ವರ್ಷ ಇಂಥದೇ ಊಟದಲ್ಲಿ ಪೀಸು ಬೀಳಲಿಲ್ಲವೆಂದು ಎಲೆ ಬಿಟ್ಟು ಎದ್ದ ಆಸಾಮಿ, ಆ ಮದುವೆಯ ಹುಡುಗಿ ಗಂಡನ ಮನೆಯಲ್ಲಿ ಇವತ್ತಿಗೂ ಅದೇ ಚುಚ್ಚುಮಾತು ಕೇಳುತ್ತಿದ್ದಾಳಂತೆ, ನಯನ ಕೇಳಬಾರದು, ನನ್ನ ಮಗಳು ಕೇಳಬಾರದು, ಬಂದೆ ಬೀಗ್ರೆ, ಬಂದೆ, ಸೌಟು ಮೂಲೆಯೆಲ್ಲ ತಡಕಿತು, ಸಿಕ್ಕಿತು, ಒಂದೇ ಒಂದು, ದಪ್ಪನೆಯದು, ತೊಡೆಯದು, ಸದ್ಯ, ಮರ್ಯಾದೆ ಉಳಿಯಿತು.

ಚೌಡಪ್ಪನ ಎಲೆಗಿಂತ ಮೊದಲು ಮದುಮಕ್ಕಳ ಎಲೆ, ಅಳಿಯನ ಎಲೆಯಲ್ಲಿ ಮೂಳೆಯ ಗುಡ್ಡೆ, ಪಕ್ಕದಲ್ಲಿ ತಲೆ ತಗ್ಗಿಸಿ ಕೂತ ನಯನಳ ಎಲೆಯಲ್ಲಿ ಕೆಂಪಾದ ಅನ್ನ ಮಾತ್ರ, ಒಂದು ಚೂರು ಮೂಳೆಯೂ ಇಲ್ಲ, ಯಾರೂ ಹಾಕಲಿಲ್ಲವೇ, ನಾನೂ ಇದೇ ದಾರಿಯಲ್ಲಿ ಹಾದು ಹೋದೆನಲ್ಲ — ಅವನು ನಿಂತದ್ದೇ ತಡ ಅವಳು ಎಲೆಯ ಮೇಲೆ ಅಂಗೈ ಅಡ್ಡ ಹಿಡಿದಳು, ನಂಗೆ ಸಾರು ಸಾಕಪ್ಪ, ದೊಡ್ಡಪ್ಪಾರಿಗೆ ಹಾಕು. ಸಾರು ಸಾಕು, ಭಾನುವಾರಗಳಲ್ಲಿ ಮನೆಯಲ್ಲೂ ಹೀಗೇ ಅನ್ನುತ್ತಿದ್ದಳು, ಅಪ್ಪನಿಗೆ ಬಡಿಸಿ, ಅಣ್ಣಂದಿರಿಗೆ ಬಡಿಸಿ, ಪಾತ್ರೆ ಅವಳ ಹತ್ತಿರ ಬರುವ ಹೊತ್ತಿಗೆ ತಳದಲ್ಲಿ ಬರೀ ಸಾರು, ಅವನು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದ, ನಮ್ ಹುಡುಗಿಗೆ ಪೀಸ್ ಸೇರದಿಲ್ಲ, ಸಾರು ಅಂದ್ರೆ ಪ್ರಾಣ, ಪ್ರಾಣವಂತೆ, ಒಂದು ದಿನವಾದರೂ ಕೇಳಿದ್ದನೇ ಅವಳನ್ನು — ಏನ್ರಿ, ಅಲ್ಲೇ ನಿಂತ್ರಲ್ರೀ ಬೀಗ್ರೆ, ಚೌಡಪ್ಪನ ದನಿ ಗಡುಸಾಗಿದೆ, ಸಾಲಿನಲ್ಲಿ ಊಟ ನಿಂತಿದೆ, ಕೈ ತೆಗಿ ಮಗಾ, ಬ್ಯಾಡಪ್ಪ, ಎಲ್ಲಾ ನೋಡ್ತಿದಾರೆ, ನೋಡ್ಲಿ ತೆಗಿ, ಸೌಟಿನಿಂದ ಬಿಸಿ ಸಾರು ತೊಟ್ಟಿಕ್ಕುತ್ತಿದೆ, ಮದರಂಗಿ ಹಚ್ಚಿದ ಬೆರಳಿನ ಮೇಲೆ, ಅವಳು ಕೈ ತೆಗೆಯಲಿಲ್ಲ, ಅವನು ಮುಂದೆ ಹೋಗಲಿಲ್ಲ, ಕೈ ತೆಗಿ ಮಗಾ, ಎಲೆಯ ಮೇಲೆ ಆ ಕೈ, ಅಡ್ಡ ಹಿಡಿದ ಆ ಕೈ —