ಹೆಸರು ಕೇಳದ ಹಾಳೆ

ನಮ್ಮ ಪುಟ್ಟ ಕಚೇರಿಯಲ್ಲಿ ತಯಾರಾಗುವುದು ಒಂದೇ ವಸ್ತು: ಕಂಪ್ಯೂಟರಿನಲ್ಲಿ ಬರೆಯುವವರಿಗೊಂದು ಎಡಿಟರ್ ತಂತ್ರಾಂಶ. ಅದನ್ನು ಬಳಸಿ ನೋಡಿ ತಪ್ಪು ಹುಡುಕುವುದು ನನ್ನ ಕೆಲಸ. ಹೆಚ್ಚು ಬಾಯಿ ಬಿಡಬೇಕಾಗಿಲ್ಲ ಎಂದೇ ಸೇರಿದ್ದೆ.

ಆದರೆ ಒಂದು ತಪ್ಪು ನನ್ನನ್ನು ಸುಮ್ಮನಿರಲು ಬಿಡಲಿಲ್ಲ. ‘ಹೊಸದು’ ಒತ್ತಿದರೆ ಹಾಳೆ ತೆರೆಯುವ ಮೊದಲೇ ಚೌಕವೊಂದು ಅಡ್ಡ ನಿಂತು, ಕಡತಕ್ಕೆ ಹೆಸರೇನು, ಯಾವ ಫೋಲ್ಡರಿನಲ್ಲಿಡಲಿ ಎಂದು ಕೇಳುತ್ತಿತ್ತು. ದಿನಚರಿ ಬರೆಯುವವಳು ನಾನು. ಮನಸ್ಸಿಗೆ ಬಂದ ಸಾಲನ್ನು ಬಾಗಿಲಲ್ಲೇ ತಡೆದು ವಿಚಾರಿಸಿದರೆ ಅದು ಬಂದ ದಾರಿಗೆ ಸುಂಕವಿಲ್ಲವೆಂದು ಹೋಗಿಬಿಡುತ್ತದೆ. ಕೋಡ್ ಬರೆಯುವ ಅಕ್ಕನನ್ನು ಕಾಡಿ ಬೇಡಿ, ಏನನ್ನೂ ಕೇಳದ ಹಾಳೆಯೊಂದನ್ನು ಮಾಡಿಸಿದೆ. ಅದು ಈ ಸಲದ ಆವೃತ್ತಿಗೆ ಸೇರಬೇಕಾದರೆ ಸಭೆಯಲ್ಲಿ ಮೇಷ್ಟ್ರು ಒಪ್ಪಬೇಕಿತ್ತು. ಮೇಷ್ಟ್ರು ಎಂದು ನಾವು ಕರೆಯುವುದು ಕಚೇರಿಯ ಹಿರಿಯರನ್ನು. ಆ ಚೌಕ ಅವರದೇ ಸೃಷ್ಟಿ.

“ಏನಮ್ಮಾ ಮೌನಗೌರಿ, ಇವತ್ತಾದ್ರೂ ಮುತ್ತು ಉದುರುತ್ತಾ?” ಎಂದರು ಮೇಷ್ಟ್ರು, ಸಭೆ ಶುರುವಾಗುತ್ತಲೇ.

ತಲೆಯೆತ್ತಿ ಹೇಳಿಬಿಟ್ಟೆ: “ಬರೆಯೋಕ್ ಮುಂಚೆ ಹೆಸರು ಕೇಳ್ಬಾರ್ದು ಮೇಷ್ಟ್ರೇ.”

“ಹಾಳೆ ಕಳೆದುಹೋದ್ರೆ ಜನ ಉಗಿಯೋದು ನನಗೆ.”

“ಕಳೆಯಲ್ಲ. ಬರೀತಿದ್ದ ಹಾಗೇ ತಾನೇ ಉಳಿಸ್ಕೊಳ್ಳುತ್ತೆ. ಮುಚ್ಚುವಾಗ್ಲೂ ಕೇಳಲ್ಲ, ತೆರೆದ್ರೆ ಹಾಗೇ ಇರುತ್ತೆ. ಬೇಕಾದಾಗ ಹೆಸರಿಟ್ರೆ ಆಯ್ತು.”

“ಶಿಸ್ತು ಅಂತ ಒಂದಿರತ್ತಮ್ಮಾ.”

ಸೋತೆ ಅನ್ನಿಸಿತು. ಅಕ್ಕ ಮೇಜಿನಡಿ ನನ್ನ ಕಾಲು ತುಳಿದಳು. “ನಿಮ್ಮ ಫೋಲ್ಡರ್ ಒಂದ್ಸಲ ತೋರಿಸ್ತೀರಾ?” ಎಂದೆ.

ಗೋಡೆಯ ಪರದೆ ತುಂಬ ಅವರ ಕಡತಗಳು: ‘ಕಕಕ’, ‘ಕಕಕಕ’, ‘ಆಮೇಲೆ’, ‘ಆಮೇಲೆ ಹೊಸದು’, ‘ಥೂ’.

“ಆಹಾ, ಏನ್ ಶಿಸ್ತು ಮೇಷ್ಟ್ರೇ!” ಎಂದಳು ಅಕ್ಕ. ಕೋಣೆಯೆಲ್ಲ ನಗು. ಅವರ ಕಿವಿ ಕೆಂಪಾಯಿತು.

“ನಂದೂ ಹೀಗೇ ಇದೆ, ಎಲ್ಲರದ್ದೂ ಹೀಗೇ,” ಎಂದೆ ಬೇಗನೆ. “ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲಿ ಅಂದ್ರೆ, ಅಳತೆ ಎಲ್ಲಿಂದ ತರೋದು?”

ಅಷ್ಟು ದಿಟ್ಟ ಮಾತು ನನ್ನದೇ ಎಂದು ನಂಬಲು ನನಗೇ ಕಷ್ಟವಾಯಿತು.

ಮೇಷ್ಟ್ರು ಹೊಸ ಹಾಳೆಯಿದ್ದ ನನ್ನ ಕಂಪ್ಯೂಟರನ್ನು ಎಳೆದುಕೊಂಡು ‘ಹೊಸದು’ ಒತ್ತಿದರು. ಬಿಳಿ ಹಾಳೆ ಬಂತು. ಏನೋ ಬರೆದು ಮುಚ್ಚಿದರು. ಪ್ರಶ್ನೆ ಬಂದೀತೆಂದು ಅವರ ಬೆರಳು ಅಭ್ಯಾಸಬಲದಿಂದ ಕಾಯುತ್ತಲೇ ಇತ್ತು, ಬರಲಿಲ್ಲ. ಮತ್ತೆ ತೆರೆದರು. ಬರೆದ ಸಾಲು ಅಲ್ಲೇ ಕೂತಿತ್ತು: ‘ಹುಡುಗಿ ಹೇಳೋದು ಸರಿ ಇದ್ರೂ ಇರಬಹುದು.’

“‘ಇದ್ರೂ ಇರಬಹುದು’ ತೆಗೀರಿ,” ಎಂದಳು ಅಕ್ಕ.

ತೆಗೆದರು. “ಸೇರಿಸಿ. ಆದ್ರೆ ಬಿಡುಗಡೆ ದಿನ ವೇದಿಕೆ ಹತ್ತಿ ಜನಕ್ಕೆ ಇದನ್ನ ತೋರಿಸೋದು ನೀನೇ.”

ಬೇರೆ ದಿನವಾಗಿದ್ದರೆ ಅಕ್ಕನ ಕಡೆ ಕೈ ತೋರಿಸಿ ತಪ್ಪಿಸಿಕೊಳ್ಳುತ್ತಿದ್ದೆ.

“ಆಗ್ಲಿ ಮೇಷ್ಟ್ರೇ,” ಎಂದೆ. ಹೊರಗಿನ ಕೋಣೆಯಲ್ಲಿದ್ದವರಿಗೂ ಕೇಳಿಸಿತಂತೆ.