ರುದ್ರವ್ವನ ಎದೆಯ ಚಿತ್ರ

"ಮೈಮ್ಯಾಲಿಂದೆಲ್ಲಾ ತಗೀರಿ ಅಂತ ಹೇಳಿದ್ದಿಲ್ಲೇನ್ರಿ?" ಎಂದಳು ಖಾತುನ, ಒದ್ದೆ ಎಕ್ಸ್‌ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು.

"ಎಲ್ಲಾ ತಗದೇನಲ್ರಿ," ಎಂದಳು ರುದ್ರವ್ವ. ಬಳೆ, ಬೆಂಡೋಲೆ, ತಾಳಿಸರ, ಕಡೆಗೆ ರವಿಕೆಯ ಪಿನ್ನು ಕೂಡ ಗಂಡ ವಿರೂಪಾಕ್ಷಪ್ಪನ ಟವೆಲ್ಲಿನಲ್ಲಿ ಗಂಟಾಗಿದ್ದವು.

ಪಕ್ಕೆಲುಬುಗಳೇನೋ ಚೆನ್ನಾಗಿ ಬಂದಿದ್ದವು. ಆದರೆ ಎಡ ಎದೆಯಲ್ಲಿ, ಡಾಕ್ಟರು ನೋಡಬೇಕಾದ ಜಾಗದಲ್ಲೇ, ನಿಂಬೆಹಣ್ಣಿನಷ್ಟು ದೊಡ್ಡ ಬಿಳಿ ಕಲೆ. ಖಾತುನ ತಿರುಗಿ ನೋಡಿದಳು. ಆಸ್ಪತ್ರೆಯ ಗೌನಿನ ಕೆಳಗೆ ಬೆಳ್ಳಿಯ ಕರಡಿಗೆ ಉಬ್ಬಿಕೊಂಡಿತ್ತು. ಇಷ್ಟಲಿಂಗವನ್ನು ಒಳಗಿಟ್ಟು ಕೊರಳಿಗೆ ಕಟ್ಟಿಕೊಂಡದ್ದು.

"ಮತ್ತ ಇದು?"

"ಇದು ಮೈಮ್ಯಾಲಿಂದಲ್ರಿ. ಇದು ಮೈಯಽ."

ಸಿಟ್ಟು ಮಾಡಬೇಕೆಂದಿದ್ದ ಖಾತುನ ಫಿಲ್ಮನ್ನು ಕೆಳಗಿಟ್ಟಳು. ಅವಳು ಕಿತ್ತೂರಿನಿಂದ ಬಂದು ಗೋವಾದ ಫಾತೋರ್ಡಾದಲ್ಲಿ ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆ ನಿಂತವನ ಮಗಳು. ಪಕ್ಕದ ಮನೆಯ ಲಿಂಗಾಯತರ ಮುದುಕಿಯ ಕೈತುತ್ತು ತಿಂದು ಬೆಳೆದವಳು. ಕೂಸಿದ್ದಾಗ ಕಟ್ಟಿದ ಲಿಂಗ ಮಣ್ಣಿಗೆ ಹೋಗುವ ತನಕ ಮೈ ಬಿಡುವುದಿಲ್ಲ ಎಂಬುದು ಅವಳಿಗೆ ಗೊತ್ತಿದ್ದ ಮಾತೇ. ಗೊತ್ತಿದ್ದೂ ಮೊದಲೇ ಕೇಳಲಿಲ್ಲವಲ್ಲ ಎಂದು ತನ್ನ ಮೇಲೇ ರೇಗಿಕೊಂಡಳು.

ಅದು ಗೋವಾ ರಾಜ್ಯವಾದ ವರ್ಷ. ಕುಡಚಡೆಯ ಆ ಸಣ್ಣ ನರ್ಸಿಂಗ್ ಹೋಮಿಗೆ ಎಕ್ಸ್‌ರೇ ಫಿಲ್ಮು ಮಡಗಾಂವದಿಂದ ಕದಂಬ ಬಸ್ಸಿನಲ್ಲಿ ಬರಬೇಕು, ಬರುವುದು ಮುಂದಿನ ವಾರ. ಪೆಟ್ಟಿಗೆಯಲ್ಲಿ ಉಳಿದದ್ದು ಒಂದೇ. ಡಾಕ್ಟರಿಗೆ ಟಿಬಿಯ ಗುಮಾನಿ. ಕಫದ ಪರೀಕ್ಷೆಯಲ್ಲಿ ಏನೂ ಸಿಕ್ಕಿರಲಿಲ್ಲ, ಚಿತ್ರ ನೋಡದೆ ಗುಳಿಗೆ ಶುರು ಮಾಡಲಾರೆ ಎಂದಿದ್ದರು. ಅದಿರಿನ ಲಾರಿ ತುಂಬುವ ವಿರೂಪಾಕ್ಷಪ್ಪ ಇವತ್ತೂ ಏನೂ ತಿಳಿಯದಿದ್ದರೆ ಸಂಜೆಯ ರೈಲಿಗೆ ಹೆಂಡತಿಯನ್ನು ಊರಿಗೆ ಕರೆದೊಯ್ದು ಬೂದಿ ಮಂತ್ರಿಸುವವನ ಮುಂದೆ ಕೂರಿಸುವುದೆಂದು ಗಟ್ಟಿ ಮಾಡಿದ್ದ. ರುದ್ರವ್ವನ ಅಕ್ಕ ಇಂಥದೇ ಕೆಮ್ಮಿಗೆ ಆ ಬೂದಿಯನ್ನೇ ಹಚ್ಚಿಕೊಂಡು ಸತ್ತಿದ್ದಳು.

ಊರ ಬಾಯಲ್ಲಿ ಖಾತುನ 'ಫೋಟೋದಾಕಿ'. ಅವಳ ಆಸೆಯೋ, ಮುಂಬಯಿಯಲ್ಲಿ ಕೋರ್ಸು ಮುಗಿಸಿ ರೇಡಿಯೋಗ್ರಾಫರ್ ಅನ್ನಿಸಿಕೊಳ್ಳುವುದು. ಕೈಯಲ್ಲಿದ್ದದ್ದು ಮಾತ್ರ ಅಜ್ಜನ ಕಾಲದ ಯಂತ್ರ, ಬಿರುಕು ಬಿಟ್ಟ ಸೀಸದ ಏಪ್ರನ್ನು, ಹಿಂಬದಿಯ ಮರ ಕೊಯ್ಯುವ ಸಾಮಿಲ್ಲು ಶುರುವಾದ ಕೂಡಲೇ ಕುಸಿಯುವ ಕರೆಂಟು. ಇಂಥ ಮುದಿ ಯಂತ್ರವೂ ಮನುಷ್ಯರ ಒಳಗನ್ನು ತೆರೆದು ತೋರಿಸುತ್ತದಲ್ಲ ಎಂದು ಅವಳಿಗೆ ದಿನವೂ ಸೋಜಿಗ.

"ಒಂದು ಗಳಿಗಿ ತಗದ್ರ ಆಗಂಗಿಲ್ಲೇನ್ರಿ?"

"ಜೀವಾನ ಒಂದು ಗಳಿಗಿ ತಗದಿಡಾಕ ಬರತೈತೇನವ್ವಾ?" ಎಂದು ರುದ್ರವ್ವ ಬಾಗಿಲಲ್ಲಿ ನಿಂತಿದ್ದ ಗಂಡನ ಕೈಯ ಟವೆಲ್ಲಿನ ಗಂಟಿಗೆ ಕೈ ಹಾಕಿಯೇಬಿಟ್ಟಳು. "ನಡೀರಿ, ಊರಿಗೆ ಹೋಗೂಣು."

"ತಡೀರಿ, ತಡೀರಿ! ತಗೀಬ್ಯಾಡ್ರಿ. ಎದಿ ಬಿಟ್ಟು ಬ್ಯಾರೆ ಕಡೆ ಇಟಗೊಳ್ಳಾಕ ಬರತೈತೇನ್ರಿ? ಕೈಯಾಗ?"

"ಕೈಯಾಗ ನಡೀತೈತಿ."

"ಆದ್ರ ಕೈ ಸೊಂಟಕ್ಕ ಇಟಗೊಂಡು ನಿಂದರಬೇಕಾಗತೈತ್ರಿ."

"ಏ, ಸೊಂಟದ ಹಂತ್ಯಾಕ ಬ್ಯಾಡ. ಹೊಕ್ಕಳದ ಕೆಳಗ ಲಿಂಗ ಇಳೀಬಾರದು." ರುದ್ರವ್ವ ಯಂತ್ರವನ್ನು ಮೇಲಿಂದ ಕೆಳಗೆ ನೋಡಿದಳು. "ಇದು ತಲೀನೂ ನೋಡತೈತೇನ್ರಿ?"

"ಇಲ್ರಿ, ಎದಿ ಅಷ್ಟಽ."

"ಹಂಗಾರ ತಲೀ ಮ್ಯಾಲ ಕಟ್ಟಗೋತೀನಿ. ಅಲ್ಲೂ ಶಿವಗ ಜಾಗಾ ಐತಿ."

ಕಟ್ಟಿಕೊಂಡಳು. ಖಾತುನ ಮುಟ್ಟಲಿಲ್ಲ, ದೂರ ನಿಂತು ದಾರದ ಬಿಗಿ ನೋಡಿದಳು. ಎದೆಯನ್ನು ಹಲಗೆಗೆ ಒತ್ತಿಸಿ, ಗದ್ದ ಎತ್ತಿಸಿ, ಸಾಮಿಲ್ಲು ನಿಲ್ಲುವುದನ್ನೇ ಕಾದಳು. ನಿಂತಿತು, ಮೀಟರಿನ ಮುಳ್ಳು ಮೇಲೇರಿತು.

"ಉಸರು ಎಳಕೋರಿ... ಹಂಗಽ ಹಿಡೀರಿ."

ಅಷ್ಟರಲ್ಲಿ ಕೆಮ್ಮು ಎದ್ದಿತು. ರುದ್ರವ್ವನ ಬೆನ್ನು ನಡುಗುವುದು ಪರದೆಯ ಹಿಂದಿನಿಂದಲೂ ಕಾಣುತ್ತಿತ್ತು. ಈಗ ಅಲುಗಿದರೆ ಎಲ್ಲಾ ಕದಡಿಹೋಗುತ್ತದೆ. ಖಾತುನ ಗುಂಡಿಯ ಮೇಲೆ ಬೆರಳಿಟ್ಟು ಕಾದಳು. ತಲೆಯ ಮೇಲಿನ ಭಾರ ನೆನಪಾಯಿತೋ ಏನೋ, ಆ ಬೆನ್ನು ಕಲ್ಲಿನ ಹಾಗೆ ನಿಂತಿತು. ಖಾತುನ ಒತ್ತಿದಳು. ಆಮೇಲೆ ಬಂದ ಕೆಮ್ಮಿನ ಸದ್ದಿಗೆ ವಿರೂಪಾಕ್ಷಪ್ಪ ಹೊರಗಿನಿಂದ ಓಡಿ ಬಂದ.

"ನನ್ನ ಒಳಗಿಂದು ನಾನೂ ನೋಡಬೇಕ್ರಿ," ಎಂದು ರುದ್ರವ್ವ ಹಟ ಹಿಡಿದಳು. ಕತ್ತಲೆಕೋಣೆಗೆ ಯಾರನ್ನೂ ಬಿಡುವಂತಿಲ್ಲ. ಖಾತುನ ಬಿಟ್ಟಳು.

ಕೆಂಪು ಬಲ್ಬಿನ ಮಬ್ಬಿನಲ್ಲಿ ಫಿಲ್ಮು ದ್ರಾವಣಕ್ಕಿಳಿಯಿತು. ಮೊದಲು ಏನೂ ಇಲ್ಲ. ಆಮೇಲೆ ಅಂಚಿನಿಂದ ಕಪ್ಪು ಹಬ್ಬತೊಡಗಿ, ಪಕ್ಕೆಲುಬುಗಳು ಒಂದೊಂದಾಗಿ ಬೆಳ್ಳಗೆ ಎದ್ದವು. ನಡುವೆ ಓರೆಯಾಗಿ ಮಲಗಿದಂತೆ ಹೃದಯ. ಎಷ್ಟೋ ಎದೆಗಳನ್ನು ಹೀಗೆ ಎಬ್ಬಿಸಿದ್ದ ಖಾತುನಳ ಮೈ ಇವತ್ತೂ ಜುಮ್ಮೆಂದಿತು.

"ಇದಽ ನೋಡ್ರಿ ನಿಮ್ಮ ಎದಿಗುಂಡಗಿ."

"ಇಷ್ಟಽ ಏನ್ರಿ?"

"ಇಷ್ಟಽ. ನಿಮ್ಮ ಮುಟಗಿಯಷ್ಟು."

"ಶಿವಾ! ಇಷ್ಟರಾಗ ಏನೇನು ತುಂಬಿಟ್ಟೇನವ್ವಾ ನಾನು!"

ಬಿಳಿ ಕಲೆ ಮುಚ್ಚಿದ್ದ ಜಾಗ ಈಗ ಬಯಲಾಗಿತ್ತು. ಅಲ್ಲೊಂದು ಸಣ್ಣ ಉಂಗುರ, ಅದರೊಳಗೆ ಕಪ್ಪು ಪೊಳ್ಳು. ಖಾತುನ ಕಂಡಳು, ಆಡಲಿಲ್ಲ. ಅದು ಡಾಕ್ಟರು ಹೇಳಬೇಕಾದ ಮಾತು.

ಡಾಕ್ಟರು ಹೇಳಿದರು. ಟಿಬಿಯೇ, ಶ್ವಾಸಕೋಶದಲ್ಲಿ ತೂತು ಬಿದ್ದಿದೆ. ನಡುವೆ ಬಿಡದೆ ಗುಳಿಗೆ ನುಂಗಿದರೆ ಬದುಕುತ್ತಾಳೆ. ವಿರೂಪಾಕ್ಷಪ್ಪ ಗೋಡೆಗೆ ಒರಗಿ ಕಣ್ಣೊರೆಸಿಕೊಂಡ. "ಗುಳಿಗಿ ಇವತ್ತಽ ಶುರು ಮಾಡ್ರಿ ಸಾಯೇಬ್ರ," ಎಂದ, "ಊರೇನು ಎಲ್ಲೂ ಓಡಿ ಹೋಗಂಗಿಲ್ಲ."

ರುದ್ರವ್ವ ಸೀರೆಯುಟ್ಟು, ತಲೆಯ ಮೇಲಿನದನ್ನು ಬಿಚ್ಚಿ ಕಣ್ಣಿಗೊತ್ತಿ ಮತ್ತೆ ಕೊರಳಿಗೆ ಕಟ್ಟಿಕೊಂಡು ಖಾತುನಳ ಮುಂದೆ ಬಂದು ನಿಂತಳು.

"ಆ ತೂತು ನನ್ನ ಮೈಯಾಗ ಎಲ್ಲಿಗೆ ಬರತೈತ್ರಿ? ಬಟ್ಟು ಮಾಡಿ ತೋರಸ್ರಿ."

ಖಾತುನ ಫಿಲ್ಮನ್ನು ನೋಡಿದಳು, ಅವಳ ಎದೆಯನ್ನು ನೋಡಿದಳು, ಜಾಗ ಅಳೆದು ಬೆರಳು ಚಾಚಿದಳು. ಬೆರಳು ಗೇಣು ದೂರದಲ್ಲೇ ನಿಂತುಬಿಟ್ಟಿತು. ತೂತಿನ ಜಾಗದ ಮೇಲೇ ಬೆಳ್ಳಿಯ ಕರಡಿಗೆ ಇತ್ತು.

"ಇಲ್ಲೇನ್ರಿ?"

ಖಾತುನ ಹೌದೆಂದು ತಲೆಯಾಡಿಸಿದಳು.

ರುದ್ರವ್ವ ಅಂಗೈಯಿಂದ ಅದನ್ನು ಮುಚ್ಚಿಕೊಂಡು ಕಣ್ಣು ಮುಚ್ಚಿ ನಿಂತಳು. ಅವಳ ಉಸಿರಿಗೆ ಕೈ ಮೆಲ್ಲಗೆ ಏರುತ್ತಿತ್ತು, ಇಳಿಯುತ್ತಿತ್ತು. ಖಾತುನ ಚಾಚಿದ ಬೆರಳನ್ನು ಮಡಚಿಕೊಂಡಳು.