ಅರವತ್ತನಾಲ್ಕೇ ಸರಿ

ಮನೆಯಲ್ಲಿ ಅವಳಿಗೆ ಮೊಂಡಿ ಎಂದೇ ಹೆಸರು. ಇಟ್ಟವರು ಅತ್ತೆ. ಮದುವೆಯಾದ ಹೊಸತರಲ್ಲಿ ಅತ್ತೆ ಹೊಲಿದುಕೊಟ್ಟ ಅಂಗಿಯ ತೋಳು ಅರ್ಧ ಇಂಚು ಹೆಚ್ಚಾಗಿದೆ ಎಂದು ಸೊಸೆ ಪಟ್ಟು ಹಿಡಿದಿದ್ದಳು. ಅತ್ತೆ ನಲವತ್ತು ವರ್ಷ ದರ್ಜಿ ಕೆಲಸ ಮಾಡಿದವರು. ಊರಿನ ಅರ್ಧ ಜನರ ಸೊಂಟದ ಸುತ್ತಳತೆ ಅವರಿಗೆ ಬಾಯಿಪಾಠ. ಅವರ ಟೇಪನ್ನು ಪ್ರಶ್ನಿಸುವವರು ಅದುವರೆಗೆ ಹುಟ್ಟಿರಲಿಲ್ಲ. ಕೊನೆಗೆ ಅಳೆದು ನೋಡಿದರೆ ಸೊಸೆ ಹೇಳಿದ್ದೇ ನಿಜ. "ಮೊಂಡಿ" ಎಂದು ಬೈದು ತೋಳು ಬಿಚ್ಚಿದರು. ಅಂದಿನಿಂದ ಅತ್ತೆ ಸೊಸೆಗೆ ಹಾಲು ಜೇನಿನಂತೆ ಹೊಂದಿಕೆಯಾಯಿತು.

ಮೊಂಡಿ ಒಂದು ಸಂಶೋಧನಾಲಯದಲ್ಲಿ ಕಂಪ್ಯೂಟರ್ ಗುಂಪಿನ ಮುಖ್ಯಸ್ಥೆ. ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳ ಉದ್ದನೆಯ ಸರ. ಆಮ್ಲಗಳಲ್ಲಿ ಇಪ್ಪತ್ತು ಬಗೆ, ಒಂದೊಂದಕ್ಕೆ ಒಂದೊಂದು ಅಕ್ಷರ. ಹಾಗಾಗಿ ಯಾವ ಪ್ರೋಟೀನನ್ನಾದರೂ ಅರ್ಥವಿಲ್ಲದ ಒಂದು ಉದ್ದ ಪದದಂತೆ ಬರೆಯಬಹುದು. ಒಂದೇ ಮೂಲದಿಂದ ಬಂದ ಪ್ರೋಟೀನುಗಳನ್ನು ಒಂದು ಕುಟುಂಬ ಎನ್ನುತ್ತಾರೆ. ಕುಟುಂಬ ಗೊತ್ತಾದರೆ ಅದು ಮಾಡುವ ಕೆಲಸವನ್ನು ಬಹುಮಟ್ಟಿಗೆ ಊಹಿಸಬಹುದು. ಅಕ್ಷರಗಳನ್ನಷ್ಟೇ ನೋಡಿ ಕುಟುಂಬ ಹೇಳುವ ಪ್ರೋಗ್ರಾಮನ್ನು ಮೊಂಡಿ ಆರು ವರ್ಷ ಕೂತು ಬರೆದಿದ್ದಳು. ನೂರಕ್ಕೆ ತೊಂಬತ್ತೆಂಟು ಸಲ ಅದು ಸರಿಯಾಗಿ ಹೇಳುತ್ತಿತ್ತು. ನಿರ್ದೇಶಕರು ಆ ತೊಂಬತ್ತೆಂಟನ್ನು ಹೋದಲ್ಲೆಲ್ಲ ಹೇಳಿಕೊಂಡು ಬಂದಿದ್ದರು. ಇನ್ನು ಎರಡು ವಾರಕ್ಕೆ ಹೊರಗಿನ ಐವರ ಸಮಿತಿ ಬರುವುದಿತ್ತು. ಅವರು ಒಪ್ಪಿದರೆ ಆಸ್ಪತ್ರೆಗಳಿಗೂ ಬೇರೆ ಪ್ರಯೋಗಾಲಯಗಳಿಗೂ ಪ್ರೋಗ್ರಾಮ್ ಹೋಗುತ್ತಿತ್ತು.

ಅಂಥ ಹೊತ್ತಿನಲ್ಲಿ ಒಂದು ಬೆಳಿಗ್ಗೆ ಸ್ವೆಟರಕ್ಕ ಅವಳ ಕೋಣೆಗೆ ಬಂದಳು. ಸ್ವೆಟರಕ್ಕ ಎರಡನೇ ಮಹಡಿಯ ಶೀತಲ ಕೋಣೆಯಲ್ಲಿ ಪ್ರೋಟೀನುಗಳನ್ನು ನಿಜವಾಗಿ ತಯಾರಿಸಿ ಪರೀಕ್ಷಿಸುವವಳು. ಹೊರಗೆ ತಲೆ ಸುಡುವ ಬಿಸಿಲಿದ್ದರೂ ಅವಳ ಮೈಮೇಲೆ ಬೂದು ಬಣ್ಣದ ಸ್ವೆಟರ್. ಕೈಯಲ್ಲಿದ್ದ ಸ್ಟ್ಯಾಂಡಿನ ತುಂಬ ನೀಲಿ ದ್ರಾವಣದ ಕೊಳವೆಗಳು.

"ಏಳು ತಿಂಗಳು ಕಣೇ," ಎಂದು ಸ್ಟ್ಯಾಂಡನ್ನು ಮೇಜಿನ ಮೇಲಿಟ್ಟಳು. "ನಿನ್ನ ಪ್ರೋಗ್ರಾಮ್ ಇದು ಬಣ್ಣ ಒಡೆಯೋ ಕಿಣ್ವ ಅಂತ ಆಣೆ ಮಾಡಿ ಹೇಳ್ತು. ನಾನೂ ನಂಬಿದೆ. ಬಿಸಿ ಮಾಡಿದೆ, ತಣ್ಣಗೆ ಮಾಡಿದೆ, ಹುಳಿ ಹಾಕಿದೆ, ಉಪ್ಪು ಹಾಕಿದೆ. ನೀಲಿ ನೀಲಿಯಾಗೇ ಇದೆ. ಕಲ್ಲಿಗೆ ನೀರು ಹೊಯ್ದ ಹಾಗೆ."

"ತಯಾರಿಯಲ್ಲೇನಾದ್ರೂ ಹೆಚ್ಚುಕಡಿಮೆ ಆಗಿರಬಹುದಾ?"

"ನಾಲ್ಕು ಸಲ ಹೆಚ್ಚುಕಡಿಮೆ ಆಗೋಕೆ ನಾನೇನು ನಿನ್ನೆ ಕೆಲಸಕ್ಕೆ ಸೇರಿದವಳಾ?"

ಬಟ್ಟೆ ಕಾರ್ಖಾನೆಗಳ ಬಣ್ಣದ ನೀರನ್ನು ತಿಳಿಯಾಗಿಸುವ ಕಿಣ್ವ ಹುಡುಕುವುದು ಸ್ವೆಟರಕ್ಕನ ಕೆಲಸ. ಅವಳು ಹೋದ ಮೇಲೆ ಮೊಂಡಿ ಆ ಪ್ರೋಟೀನಿನ ಅಕ್ಷರಗಳನ್ನು ಅದೇ ಕುಟುಂಬದ ಹಳೆಯ ಪ್ರೋಟೀನುಗಳ ಕೆಳಗೆ ಸಾಲಾಗಿ ಜೋಡಿಸಿದಳು. ಆ ಕುಟುಂಬದವು ತಾಮ್ರವನ್ನು ಹಿಡಿದುಕೊಂಡು ಕೆಲಸ ಮಾಡುವಂಥವು. ತಾಮ್ರ ಹಿಡಿಯುವ ಜಾಗದಲ್ಲಿ ಹಿಸ್ಟಿಡಿನ್ ಎಂಬ ಆಮ್ಲ ಇರಲೇಬೇಕು. ಇದರಲ್ಲಿ ಆ ಜಾಗಗಳಲ್ಲೆಲ್ಲ ಬೇರೇನೋ ಇತ್ತು. ಕೈಯೇ ಇಲ್ಲದವನನ್ನು ಬುಟ್ಟಿ ಹೊರಲು ಕರೆದಂತಾಗಿತ್ತು. ಕಣ್ಣಿಗೆ ಹೊಡೆದಂತೆ ಕಾಣುವ ಇಂಥದ್ದನ್ನು ತೊಂಬತ್ತೆಂಟು ಅಂಕದ ಜಾಣ ನೋಡದೇ ಹೋದದ್ದು ಹೇಗೆ?

ಮೂರು ದಿನ ಹುಡುಕಿದಳು. ಗೊತ್ತಾದಾಗ ಮುಖಕ್ಕೆ ಬಿಸಿಯೇರಿತು, ನಾಚಿಕೆಯಿಂದ. ತಪ್ಪು ಅವಳದೇ. ಕುಟುಂಬ ಗೊತ್ತಿರುವ ಪ್ರೋಟೀನುಗಳನ್ನೆಲ್ಲ ಕಲೆಸಿ ಹೆಚ್ಚು ಪಾಲನ್ನು ಪ್ರೋಗ್ರಾಮಿಗೆ ಕಲಿಸಲು, ಉಳಿದದ್ದನ್ನು ಪರೀಕ್ಷಿಸಲು ಇಟ್ಟಿದ್ದಳು. ಆದರೆ ಪರೀಕ್ಷೆಗೆ ಇಟ್ಟವುಗಳ ಒಡಹುಟ್ಟಿದವು, ಒಂದೆರಡು ಅಕ್ಷರದಲ್ಲಷ್ಟೇ ಬೇರೆಯಾದಂಥವು, ಕಲಿಸುವ ರಾಶಿಯಲ್ಲೇ ಇದ್ದವು. ಅಂದರೆ ಪಾಠದಲ್ಲಿ ಬಿಡಿಸಿದ ಲೆಕ್ಕವೇ ಪ್ರಶ್ನೆಪತ್ರಿಕೆಯಲ್ಲೂ ಬಂದಂತೆ. ಪ್ರೋಗ್ರಾಮ್ ಕಲಿತದ್ದಕ್ಕಿಂತ ಉರು ಹೊಡೆದದ್ದೇ ಹೆಚ್ಚು. ಅಷ್ಟೇ ಅಲ್ಲ, ಪರಿಚಯವಿಲ್ಲದ್ದು ಎದುರಾದರೆ ಗೊತ್ತಿಲ್ಲ ಎನ್ನಲು ಅದಕ್ಕೆ ದಾರಿಯೇ ಇರಲಿಲ್ಲ. ಇದ್ದ ಕುಟುಂಬಗಳಲ್ಲಿ ಯಾವುದಾದರೂ ಒಂದಕ್ಕೆ ಅದನ್ನು ಅಂಟಿಸಲೇಬೇಕಿತ್ತು.

ಹತ್ತಿರದ ಸಂಬಂಧಿಗಳನ್ನೆಲ್ಲ ಕಲಿಸುವ ರಾಶಿಯಿಂದ ಬೇರ್ಪಡಿಸಿ ಮತ್ತೆ ಕಲಿಸಿ, ಮತ್ತೆ ಪರೀಕ್ಷಿಸಿದಳು. ಅರವತ್ತನಾಲ್ಕು.

ಭಾನುವಾರ ಮಧ್ಯಾಹ್ನ ಅತ್ತೆ ಮನೆಯ ಮುಂದಿನ ಅಂಗಡಿಯಲ್ಲಿ ಯಾರದೋ ಕೋಟಿನ ಒಳಪದರ ಬಿಚ್ಚುತ್ತಿದ್ದರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದ. ಮೊಂಡಿ ಇಬ್ಬರಿಗೂ ಎಲ್ಲ ಹೇಳಿದಳು.

"ಗೊತ್ತಿದ್ದೂ ಮಾಡಿದ್ಯಾ?" ಎಂದರು ಅತ್ತೆ.

"ಇಲ್ಲ ಅತ್ತೆ."

"ಈಗ ಗೊತ್ತಾಯ್ತಲ್ಲ."

"ಗೊತ್ತಾಯ್ತು."

"ಮತ್ತೆ ನನ್ನನ್ನೇನು ಕೇಳ್ತಾ ಕೂತಿದ್ದೀಯ? ಹೊಲಿಗೆ ಬಿಚ್ಚು."

ಗಂಡ ತಲೆಯೆತ್ತದೆ ಹೇಳಿದ: "ಕೆಲಸ ಹೋದ್ರೆ ಹೋಗ್ಲಿ ಅನ್ನೋಷ್ಟು ದೊಡ್ಡ ಮನಸ್ಸು ನಂದಲ್ಲಪ್ಪ. ಹೋಗದ ಹಾಗೆ ಜಗಳ ಆಡು."

ಸೋಮವಾರ ನಿರ್ದೇಶಕರ ಕೋಣೆಗೆ ಹೋದಳು. ಕೆಟ್ಟವರೇನಲ್ಲ ಅವರು, ಹಿಂದೊಮ್ಮೆ ಅವಳನ್ನು ಕೆಲಸಕ್ಕೆ ಆರಿಸಿದವರೇ. ಎಲ್ಲ ಕೇಳಿ ಕನ್ನಡಕ ತೆಗೆದಿಟ್ಟರು.

"ಬೇರೆ ಕಡೆಯೂ ಹೀಗೇ ಪರೀಕ್ಷೆ ಮಾಡ್ತಾರಮ್ಮ. ಅವರು ತೊಂಬತ್ತೇಳು, ತೊಂಬತ್ತೊಂಬತ್ತು ಅಂತಿರುವಾಗ ನಾವು ಅರವತ್ತನಾಲ್ಕು ಅಂದ್ರೆ ನಕ್ಕುಬಿಡ್ತಾರೆ."

"ನಗಲಿ ಸರ್. ಊರಿಗೆ ಬಂದವಳು ನೀರಿಗೆ ಬಾರದೇ ಇರ್ತಾಳಾ? ಇವತ್ತಲ್ಲ ನಾಳೆ ಗೊತ್ತಾಗುತ್ತೆ. ಸ್ವೆಟರಕ್ಕನಿಗೆ ಆಗಲೇ ಗೊತ್ತಾಗಿದೆ."

"ಸಮಿತಿ ಬಂದು ಹೋಗಲಿ, ಆಮೇಲೆ ಸರಿ ಮಾಡೋಣ."

"ಸರಿ ಮಾಡಿದ್ದೀನಿ. ಈಗ ಅದು ಖಾತ್ರಿ ಇಲ್ಲದ ಕಡೆ ಗೊತ್ತಿಲ್ಲ ಅನ್ನುತ್ತೆ. ಎಲ್ಲಕ್ಕೂ ಉತ್ತರ ಹೇಳಲೇಬೇಕು ಅಂದ್ರೆ ಅರವತ್ತನಾಲ್ಕೇ. ಹೀಗೆ ಬಿಟ್ರೆ ಅರ್ಧಕ್ಕಷ್ಟೇ ಉತ್ತರ ಕೊಡುತ್ತೆ, ಆದ್ರೆ ಕೊಟ್ಟ ಉತ್ತರದಲ್ಲಿ ನೂರಕ್ಕೆ ತೊಂಬತ್ತನಾಲ್ಕು ಸರಿ."

ನಿರ್ದೇಶಕರಿಗೆ ನಗು ಬಂತು. "ಗೊತ್ತಿಲ್ಲ ಅಂತ ಹೇಳೋಕೆ ಕಂಪ್ಯೂಟರ್ ಯಾಕಮ್ಮ ಬೇಕು? ಆ ಕೆಲಸಕ್ಕೆ ನಾನೇ ಸಾಕಲ್ಲ."

ಅವಳಿಗೂ ನಗು ಬಂತು, ಆದರೆ ಪಟ್ಟು ಸಡಿಲವಾಗಲಿಲ್ಲ. ಅವರು ಮತ್ತೆ ಗಂಭೀರರಾಗಿ, ಸಮಿತಿಯ ಮುಂದೆ ಹಳೆಯ ಸಂಖ್ಯೆಯನ್ನೇ ತೋರಿಸತಕ್ಕದ್ದು, ಇದು ಸಲಹೆಯಲ್ಲ, ಆದೇಶ ಎಂದರು. ಅವಳು ಏನೂ ಹೇಳದೆ ಎದ್ದು ಬಂದಳು. ಅವಳ ಮೌನವನ್ನು ಒಪ್ಪಿಗೆ ಎಂದುಕೊಂಡದ್ದು ನಿರ್ದೇಶಕರ ಲೆಕ್ಕದ ತಪ್ಪು.

ಸಮಿತಿ ಬಂದ ದಿನ ಸಭಾಂಗಣದ ಮೊದಲ ಸಾಲಿನಲ್ಲಿ ಐವರು, ಹಿಂದೆ ಸಂಶೋಧನಾಲಯದ ಮೂವತ್ತು ಜನ, ಕೊನೆಯ ಸಾಲಿನ ತುದಿಯಲ್ಲಿ ಸ್ವೆಟರಕ್ಕ. ಮೊಂಡಿ ಪರದೆಯ ಮೇಲೆ ಎರಡೂ ಸಂಖ್ಯೆಗಳನ್ನು ಹಾಕಿದಳು.

"ತೊಂಬತ್ತೆಂಟು ಅಂತ ನೀವು ಓದಿದ್ದೀರಿ. ಅದು ತಪ್ಪು. ತಪ್ಪು ನಂದು. ನಿಜವಾದದ್ದು ಅರವತ್ತನಾಲ್ಕು. ಹೇಗೆ ಅಂತ ತೋರಿಸ್ತೀನಿ."

ನಿರ್ದೇಶಕರು ಕುರ್ಚಿಯಿಂದ ಅರ್ಧ ಎದ್ದರು. "ಇದೊಂದು ತಾಂತ್ರಿಕ ವಿವರ. ಊಟದ ನಂತರ ಬೇರೆಯಾಗಿ ಮಾತಾಡಬಹುದು."

"ಊಟದ ನಂತರ ಇವರು ಸಹಿ ಹಾಕ್ತಾರೆ ಸರ್. ಅದಕ್ಕೇ ಈಗಲೇ ಹೇಳ್ತೀನಿ."

ಒಡಹುಟ್ಟಿದ ಪ್ರೋಟೀನುಗಳನ್ನು ಒಂದರ ಕೆಳಗೊಂದಿಟ್ಟು ತೋರಿಸಿದಳು. ಹಿಸ್ಟಿಡಿನ್ ಇಲ್ಲದ ಜಾಗಗಳನ್ನು ತೋರಿಸಿದಳು. ಸ್ವೆಟರಕ್ಕನ ಏಳು ತಿಂಗಳ ಕೆಲಸ ನೀರಿನಲ್ಲಿ ಹೋಮವಾದದ್ದನ್ನೂ ಹೇಳಿದಳು.

ಸಮಿತಿಯಲ್ಲಿದ್ದ ನರೆಗೂದಲಿನ ಹೆಂಗಸೊಬ್ಬರು ಕೇಳಿದರು: "ಇದು ನೀವೇ ಬರೆದ ಪ್ರೋಗ್ರಾಮ್ ಅಲ್ವಾ? ನಿಮ್ಮ ಕೂಸನ್ನ ನೀವೇ ಫೇಲ್ ಮಾಡ್ತಾ ಇದ್ದೀರಲ್ಲ."

"ಕೂಸು ನಂದೇ ಮೇಡಂ. ಕಾಪಿ ಹೊಡೆದು ಪಾಸಾಗೋದು ನಂಗಿಷ್ಟ ಇಲ್ಲ."

"ಬೇರೆಯವರ ತೊಂಬತ್ತೊಂಬತ್ತು?"

"ಅವರನ್ನ ನಾನು ಕಳ್ಳರು ಅನ್ನಲ್ಲ. ಇದೇ ಪ್ರಶ್ನೆಪತ್ರಿಕೆ ಎಲ್ಲರಿಗೂ ಸಿಗೋ ಹಾಗೆ ಇಡ್ತೀನಿ. ಅವರೂ ಬರೆದು ನೋಡಲಿ."

ಸಮಿತಿ ಅಂದು ಸಹಿ ಹಾಕಲಿಲ್ಲ. ಮೂರನೇ ದಿನ ಮೊಂಡಿಯ ಮೇಜಿನ ಮೇಲೆ ಎರಡು ಸಾಲಿನ ಪತ್ರವಿತ್ತು: ಗುಂಪಿನ ಮುಖ್ಯಸ್ಥೆಯ ಹೊಣೆಯಿಂದ ಬಿಡುಗಡೆ, ಕೋಣೆ ಬದಲಾವಣೆ. ಹೊಸ ಕೋಣೆ ನೆಲಮಾಳಿಗೆಯಲ್ಲಿ, ಮುರಿದ ಕುರ್ಚಿಗಳನ್ನು ಪೇರಿಸಿಟ್ಟ ಉಗ್ರಾಣದ ಪಕ್ಕದಲ್ಲಿ. ಹೊತ್ತುಕೊಂಡು ಹೋಗಲು ಯಾರನ್ನೂ ಕಳಿಸಿರಲಿಲ್ಲ. ಅವಳೂ ಸ್ವೆಟರಕ್ಕನೂ ಕಂಪ್ಯೂಟರನ್ನು ಹಿಡಿದು ಮೆಟ್ಟಿಲಿಳಿಯುವಾಗ ಜೊತೆಯಲ್ಲಿ ಕೆಲಸ ಮಾಡಿದವರು ಬಾಗಿಲ ಸಂದಿಯಿಂದ ನೋಡಿದರು.

"ನೋಡ್ತಾ ನಿಲ್ಲಬೇಡಿ, ಕೀಬೋರ್ಡ್ ತನ್ನಿ," ಎಂದು ಸ್ವೆಟರಕ್ಕ ಗದರಿದಳು. ಒಬ್ಬ ತಂದ. ಆಮೇಲೆ ಇನ್ನಿಬ್ಬರು ಬಂದರು.

ಆ ವಾರವೇ ಮೊಂಡಿ ತನ್ನ ಪ್ರಶ್ನೆಪತ್ರಿಕೆಯನ್ನು, ಅಂದರೆ ಬೇರ್ಪಡಿಸಿದ ಆ ಎರಡೂ ರಾಶಿಗಳನ್ನು, ಎಲ್ಲರಿಗೂ ಸಿಗುವಂತೆ ಇಂಟರ್ನೆಟ್ಟಿನಲ್ಲಿ ಇಟ್ಟಳು. ಮೊದಲು ಬಂದದ್ದು ಬೈಗುಳ. ನಿಮಗೆ ಕೆಲಸವಿಲ್ಲವೇ ಎಂದು ಒಬ್ಬರು, ಹೊಟ್ಟೆಕಿಚ್ಚು ಎಂದು ಇನ್ನೊಬ್ಬರು. ಎಲ್ಲರಿಗೂ ಒಂದೇ ಉತ್ತರ ಬರೆದಳು: ನಿಮಗೆಷ್ಟು ಬಂತು ತಿಳಿಸಿ. ಎರಡು ತಿಂಗಳ ಮೇಲೆ ಒಬ್ಬೊಬ್ಬರಾಗಿ ತಿಳಿಸತೊಡಗಿದರು. ತೊಂಬತ್ತೊಂಬತ್ತಿನವರಿಗೆ ಐವತ್ತೊಂಬತ್ತು ಬಂದಿತ್ತು. ತೊಂಬತ್ತೇಳಿನವರು ಎಷ್ಟೆಂದು ಹೇಳಲೇ ಇಲ್ಲ.

ವರ್ಷದ ವರದಿ ಅಚ್ಚಿಗೆ ಹೋಗುವ ಹೊತ್ತಿಗೆ ನಿರ್ದೇಶಕರು ತಾವೇ ಮೆಟ್ಟಿಲಿಳಿದು ಬಂದರು. ಕೂರಲು ಗಟ್ಟಿಯಾದ ಕುರ್ಚಿ ಇರಲಿಲ್ಲ, ನಿಂತೇ ಮಾತಾಡಿದರು.

"ವರದಿಯಲ್ಲಿ ತೊಂಬತ್ತನಾಲ್ಕು ಅಂತ ಹಾಕೋಣ. ನೀನೇ ಹೇಳಿದ್ದಲ್ವಾ, ಕೊಟ್ಟ ಉತ್ತರದಲ್ಲಿ ಅಷ್ಟು ಸರಿ ಅಂತ. ಅದಕ್ಕೊಪ್ಪಿದ್ರೆ ಮೇಲಿನ ಕೋಣೆ ನಿಂದೇ."

"ಹಾಕಿ ಸರ್. ಪಕ್ಕದಲ್ಲಿ ಅರ್ಧಕ್ಕೆ ಉತ್ತರವೇ ಕೊಡಲ್ಲ ಅಂತಲೂ ಹಾಕಿ. ಅದರ ಪಕ್ಕದಲ್ಲಿ ಅರವತ್ತನಾಲ್ಕೂ ಇರಲಿ. ಎಲ್ಲ ಒಂದೇ ಅಳತೆಯ ಅಕ್ಷರದಲ್ಲಿ."

"ಅಷ್ಟೆಲ್ಲ ಆಗಲ್ಲ."

"ಹಾಗಾದ್ರೆ ಅರವತ್ತನಾಲ್ಕೇ ಸರಿ. ಇಲ್ಲಾಂದ್ರೆ ನನ್ನ ಹೆಸರು ತೆಗೀರಿ."

ಅವಳ ಹೆಸರು ತೆಗೆದರೆ ಪ್ರಶ್ನೆಪತ್ರಿಕೆಯ ಹೆಸರೂ ಹೋಗುತ್ತದೆ, ಈಗ ಸಂಶೋಧನಾಲಯದ ಬಗ್ಗೆ ಜನ ಕೇಳುತ್ತಿದ್ದದ್ದೇ ಅದನ್ನು ಎಂಬುದು ನಿರ್ದೇಶಕರಿಗೆ ಗೊತ್ತಿತ್ತು. ವರದಿ ಅವಳು ಹೇಳಿದ ಮೂರೂ ಸಂಖ್ಯೆಗಳೊಂದಿಗೆ ಅಚ್ಚಾಯಿತು. ಮುಂದಿನ ಸಲ ಸಮಿತಿ ಸಹಿ ಹಾಕಿತು.

ಕೋಣೆ ಮಾತ್ರ ಹಿಂದೆ ಬರಲಿಲ್ಲ. ನಿರ್ದೇಶಕರು ತಪ್ಪಾಯಿತು ಎನ್ನಲೂ ಇಲ್ಲ. ಆದರೆ ಅತಿಥಿಗಳು ಬಂದಾಗ ಅವರನ್ನು ನೆಲಮಾಳಿಗೆಗೆ ಕರೆತಂದು, "ನಮ್ಮ ಪ್ರೋಗ್ರಾಮ್ ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನುತ್ತೆ ನೋಡಿ" ಎಂದು ಅದು ತಮ್ಮದೇ ಯೋಚನೆಯೆಂಬಂತೆ ಹೇಳತೊಡಗಿದರು. ಒಮ್ಮೆ ಅಂಥ ಅತಿಥಿಯೊಬ್ಬರು ಸುತ್ತಲೂ ನೋಡಿ, "ಇಂಥವರನ್ನ ಇಲ್ಲಿ ಯಾಕೆ ಕೂರಿಸಿದ್ದೀರಿ?" ಎಂದು ಕೇಳಿಬಿಟ್ಟರು. ನಿರ್ದೇಶಕರು ಕನ್ನಡಕ ತೆಗೆದು ಒರೆಸತೊಡಗಿದರು.

"ಮೇಲೆ ಮಾತು ಜಾಸ್ತಿ," ಎಂದಳು ಮೊಂಡಿ. "ಇಲ್ಲಿ ಕೆಲಸ ಆಗುತ್ತೆ." ಮತ್ತೆ ಪರದೆಯ ಕಡೆ ತಿರುಗಿದಳು.